ತೀರ್ಥೇಶನ ಚೊಂಬು

ಜೂನ್ 18, ಬೆಳಿಗ್ಗೆ 10.20. ಸಾಗರದ ಪೊಲೀಸ್ ಠಾಣೆಗೆ ಬಂದ ಕೆರಿಯಮ್ಮ, ಕುರ್ಚಿ ತೋರಿಸಿದರೂ ಕೂರಲಿಲ್ಲ. ವಯಸ್ಸು ಐವತ್ತೆಂಟು, ವಾಸ ಕಲ್ಲುಬಾವಿ ಕೇರಿ. ಬಾಣಂತನಕ್ಕೆಂದು ತವರಿಗೆ ಬಂದಿದ್ದ ಮಗಳು ಮೇಘನಾಗೆ ಕಾಮಾಲೆಯಾಗಿ, ಎಂಟು ತಿಂಗಳ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಮೇಘನಾ ಶಿವಮೊಗ್ಗದ ಆಸ್ಪತ್ರೆಯ ಐಸಿಯುನಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು.

"ನಮ್ ಟ್ಯಾಂಕಿಗೆ ಯಾರೋ ಎಂತದೋ ಹಾಕಿದಾರೆ ಮೇಡಂ. ಕೇರಿ ತುಂಬಾ ಜಾಂಡೀಸು. ಬರ್ಕೊಳ್ಳಿ."

ಪಿಎಸ್‌ಐ ವಾಗ್ದೇವಿ ಬರೆದುಕೊಂಡರು. "ಯಾರ ಮೇಲಾದ್ರೂ ಅನುಮಾನ?"

"ಗೊತ್ತಿದ್ರೆ ಇಲ್ಲಿಗೆ ಬರ್ತಿದ್ನಾ?"

"ನೀರು ಕುದಿಸ್ತಿದ್ರಾ?"

ಕೆರಿಯಮ್ಮ ಗೋಡೆ ಕಡೆ ನೋಡಿದರು. "ಇಲ್ಲ. ತೀರ್ಥೇಶ ಕುಡೀತಾನಲ್ಲ."

ಈ ಮಾತು ವಾಗ್ದೇವಿಯವರಿಗೆ ಅರ್ಥವಾಗಲಿಲ್ಲ. ಅದೇ ಕೇರಿಯಲ್ಲಿ ಮನೆಯಿರುವ ಹೆಡ್ ಕಾನ್‌ಸ್ಟೆಬಲ್ ಕನ್ನಪ್ಪ ವಿವರಿಸಿದ. ಕಲ್ಲುಬಾವಿ ಕೇರಿಗೆ ತನ್ನದೇ ನೀರು ಸಮಿತಿ, ತನ್ನದೇ ಟ್ಯಾಂಕು. ಹತ್ತೊಂಬತ್ತು ವರ್ಷದ ಹಿಂದೆ ನಲ್ಲಿ ಬಂದಾಗ ಬಾವಿ ನೀರಿಗೆ ಒಗ್ಗಿದ ಜನ ಪೈಪಿನ ನೀರು ಬಾಯಿಗಿಡಲು ಹೆದರಿದ್ದರು. ಆಗ ನೀರುಗಂಟಿ ತೀರ್ಥೇಶ ಕೊನೇ ನಲ್ಲಿಯ ಹತ್ತಿರ ನಿಂತು ಎಲ್ಲರೆದುರು ಒಂದು ಚೊಂಬು ನೀರು ಕುಡಿದು "ತಗೊಳ್ರಿ" ಎಂದಿದ್ದ. ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಅದೇ ಪದ್ಧತಿ. ಅವನು ಕುಡಿದು ಬಾಯಿ ಒರೆಸಿಕೊಂಡ ಮೇಲೆಯೇ ಹೆಂಗಸರು ಕೊಡ ಇಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ನೀರು ಕುದಿಸುವುದೇ ನಿಂತುಹೋಗಿತ್ತು. ಲ್ಯಾಬು, ವರದಿ ಎಲ್ಲ ಯಾರಿಗೆ ಬೇಕು, ತೀರ್ಥೇಶನಿದ್ದನಲ್ಲ!

ಮೊದಲು ಭಾರತೀಯ ನ್ಯಾಯ ಸಂಹಿತೆ ಕಲಂ 271ರಡಿ, ಅಂದರೆ ನಿರ್ಲಕ್ಷ್ಯದಿಂದ ರೋಗ ಹರಡಿದ್ದಕ್ಕೆ, ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 12.15ಕ್ಕೆ ನೀರು ನಿಲ್ಲಿಸಿದರು. ಟ್ಯಾಂಕಿನಿಂದ ಒಂದು, ಕೊನೇ ನಲ್ಲಿಯಿಂದ ಒಂದು ಮಾದರಿ ತೆಗೆದು, ಪಂಚರ ಎದುರು ಸೀಲು ಮಾಡಿ ಲ್ಯಾಬಿಗೆ ಕಳಿಸಿದರು. ಬಾಟಲಿ ಹಿಡಿದು ಸಹಾಯ ಮಾಡಿದವನೂ ತೀರ್ಥೇಶನೇ.

ಜೂನ್ 20ರಂದು ವರದಿ ಬಂತು. ಟ್ಯಾಂಕಿನ ನೀರು ಸರಿಯಿತ್ತು. ನಲ್ಲಿಯ ನೀರಿನಲ್ಲಿ ಮಲದ ಕಲ್ಮಶವಿತ್ತು. ಅಂದರೆ ಕೊಳೆ ಸೇರಿದ್ದು ಟ್ಯಾಂಕಿಗಲ್ಲ, ದಾರಿಯಲ್ಲಿ ಪೈಪಿಗೆ.

ಆ ಪೈಪಿನ ಸಾಲಿನ ಮೂವತ್ತೊಂದು ಮನೆಗಳಿಗೂ ವಾಗ್ದೇವಿ ತಾವೇ ಹೋದರು. ಇಪ್ಪತ್ತಾರು ಮನೆಗಳಲ್ಲಿ ಕಾಯಿಲೆಯವರಿದ್ದರು. ನಾಲ್ಕು ಮನೆಗಳವರು ಕುದಿಸಿ ಕುಡಿಯುವವರು. ಉಳಿದದ್ದು ಒಂದೇ ಮನೆ.

"ಅದು ತೀರ್ಥೇಶಂದು," ಎಂದ ಕನ್ನಪ್ಪ. "ಅವನ ಮೇಲೆ ಅನುಮಾನ ಪಟ್ರೆ ಬಾಯಲ್ಲಿ ಹುಳ ಬೀಳತ್ತೆ ಮೇಡಂ. ನನ್ ಹೆಂಡ್ತಿನೂ ಮಲಗಿದಾಳೆ, ಆದ್ರೂ ಹೇಳ್ತಿದೀನಿ."

"ದಿನಾ ಮೊದಲು ಕುಡಿಯೋನಿಗೆ ಯಾಕೆ ಏನೂ ಆಗ್ಲಿಲ್ಲ ಕನ್ನಪ್ಪ?"

ಕನ್ನಪ್ಪ ಮುಂದೆ ನಡೆದು ಆ ಮನೆಯ ಬಾಗಿಲು ತಟ್ಟಿದ.

ತೀರ್ಥೇಶನ ಹೆಂಡತಿ ಮೀನಾಕ್ಷಮ್ಮ ಬಾಗಿಲಲ್ಲೇ ನಿಂತು ಉತ್ತರಿಸಿದರು.

"ನೀವು ಎಲ್ಲಿ ನೀರು ಕುಡೀತೀರಿ?"

"ಪಕ್ಕದ ಕೇರಿ ಬಾವೀದು. ಕುದಿಸಿ."

"ಎಷ್ಟು ದಿನದಿಂದ?"

"ಎರಡು ತಿಂಗಳಾತು. ನಲ್ಲಿ ನೀರು ಒಳಗೆ ತರ್ಬೇಡ ಅಂದ್ರು. ಯಾಕೆ ಅಂತ ಕೇಳಿದ್ರೆ ರೇಗಿದ್ರು."

"ಅವರು ನಲ್ಲಿ ಹತ್ರ ಕುಡಿಯೋದು?"

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಹೋಗುವಾಗ ಚೊಂಬಿಗೆ ಕುದಿಸಿ ಆರಿಸಿದ ನೀರು ಹಾಕ್ಕೊಡ್ತೀನಿ. ಬೆಳಿಗ್ಗೆ ಬಾಯಾರತ್ತೆ ಅಂತಿದ್ರು."

ಜೂನ್ 21, ಬೆಳಿಗ್ಗೆ 9.00. ವಾಗ್ದೇವಿ ತೀರ್ಥೇಶನನ್ನು ಕೊನೇ ನಲ್ಲಿಗೆ ಕರೆಸಿದರು. ಶಿವಮೊಗ್ಗದಿಂದ ಬಟ್ಟೆ ಒಯ್ಯಲು ಬಂದಿದ್ದ ಕೆರಿಯಮ್ಮನೂ ಹೆಂಗಸರ ನಡುವೆ ನಿಂತಿದ್ದರು. ಪೈಪಿನಲ್ಲಿ ಉಳಿದಿದ್ದ ನೀರನ್ನು ವಾಗ್ದೇವಿ ಒಂದು ಲೋಟಕ್ಕೆ ಹಿಡಿದು ಕೊಟ್ಟರು. "ದಿನಾ ಕುಡಿಯೋ ಹಾಗೆ ಕುಡೀರಿ."

ತೀರ್ಥೇಶ ಲೋಟ ಹಿಡಿದು ನಿಂತ. ಕುಡಿಯಲು ಹೋಗಿದ್ದರೆ ವಾಗ್ದೇವಿಯೇ ಕಸಿದುಕೊಳ್ಳುತ್ತಿದ್ದರು. ಅದರ ಅಗತ್ಯ ಬೀಳಲಿಲ್ಲ.

"ಬೇಡ ಮೇಡಂ," ಎಂದ.

"ಥೂ!" ಎಂದ ಕನ್ನಪ್ಪ. ಆಮೇಲೆ ಮುಖ ತಿರುಗಿಸಿಕೊಂಡ.

ತೀರ್ಥೇಶನೇ ಜಾಗ ತೋರಿಸಿದ. ಚರಂಡಿಯ ಅಡಿಯಲ್ಲಿ ಅಗೆದಾಗ ಪೈಪಿನ ಒಡಕಿಗೆ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದಿದ್ದು ಕಂಡಿತು. ಟ್ಯೂಬ್ ಸಡಿಲವಾಗಿತ್ತು. ನೀರು ನಿಂತಾಗಲೆಲ್ಲ ಚರಂಡಿಯ ಕೊಳೆ ಒಳಗೆ ಹೋಗುತ್ತಿತ್ತು. ಪಂಚನಾಮೆ ಬರೆದು ಪೈಪಿನ ತುಂಡು, ಟ್ಯೂಬ್, ಚೊಂಬು ಜಪ್ತಿ ಮಾಡಿದರು. ಗೊತ್ತಿದ್ದೂ ಮಾಡಿದ್ದಕ್ಕೆ ಕಲಂ 272 ಸೇರಿತು. 11.40ಕ್ಕೆ ದಸ್ತಗಿರಿ.

ಜೀಪಿನ ಹತ್ತಿರ ಕೆರಿಯಮ್ಮ ಅಡ್ಡ ನಿಂತರು.

"ಕುದಿಸಮ್ಮಾ ಅಂತ ಮಗಳು ದಿನಾ ಅಂದ್ಲು ಕಣೋ. ನಾ ಬೈದೆ. ತೀರ್ಥೇಶ ಕುಡೀತಾನಲ್ಲ, ನಿಂದೆಂತ ಹೆಚ್ಚುಗಾರಿಕೆ ಅಂತ. ನಾನೇ ಲೋಟಕ್ಕೆ ಹಾಕ್ಕೊಟ್ಟೆ."

"ಕೆರಿಯಕ್ಕಾ..."

"ಹಂಗೆ ಕರೀಬೇಡ."

ಠಾಣೆಯಲ್ಲಿ ತೀರ್ಥೇಶ ಕೊಟ್ಟ ಹೇಳಿಕೆ ಒಂದೂವರೆ ಪುಟದ್ದು. ಏಪ್ರಿಲ್‌ನಲ್ಲಿ ಚರಂಡಿ ಬಿಡಿಸುವಾಗ ಅವನದೇ ಹಾರೆ ತಾಗಿ ಪೈಪು ಒಡೆದಿತ್ತು. ಯಾರಿಗೂ ಹೇಳದೆ ಟ್ಯೂಬ್ ಸುತ್ತಿ ಮುಚ್ಚಿದ. ನಾಲ್ಕನೇ ದಿನವೇ, ಜನ ಬರುವ ಮುಂಚೆ ನಲ್ಲಿ ಬಿಟ್ಟಾಗ, ಮೊದಲು ಬಂದ ನೀರು ವಾಸನೆ ಹೊಡೆಯಿತು. ಹೇಳಿದರೆ ತಪ್ಪು ತನ್ನದೆಂದು ಗೊತ್ತಾಗುತ್ತಿತ್ತು. ಹಾಗಾಗಿ ಮನೆಯ ನೀರು ತುಂಬಿದ ಚೊಂಬನ್ನೇ, ಆಗಷ್ಟೇ ನಲ್ಲಿಯಿಂದ ಹಿಡಿದಂತೆ ತೋರಿಸಿ ಕುಡಿಯುತ್ತಿದ್ದ. ಹತ್ತೊಂಬತ್ತು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡಿರಲಿಲ್ಲ. ಗಣಪತಿ ಹಬ್ಬದಲ್ಲಿ ಕೇರಿಯವರು ಶಾಲು ಹೊದಿಸುವವರಿದ್ದರು. ಚೊಂಬು ಎತ್ತಿದಾಗ ಅಷ್ಟು ಜನ ತನ್ನ ಮುಖ ನೋಡುತ್ತಿದ್ದರಲ್ಲ, ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ ಎಂದು ಬರೆಸಿದ್ದ. ವಾಗ್ದೇವಿಗೆ ಅದನ್ನು ಓದಿ ಸಿಟ್ಟೇ ಬಂತು. ಹಣಕ್ಕೆ ಮಾಡಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಸಂಜೆ 5.10ಕ್ಕೆ ಆಸ್ಪತ್ರೆಯಿಂದ ಕೆರಿಯಮ್ಮನ ಫೋನ್ ಬಂತು.

"ಮೇಘನಾ ಕಣ್ಣು ಬಿಟ್ಳು ಮೇಡಂ. ನೀರು ಕೇಳ್ತಿದಾಳೆ. ಡಾಕ್ಟ್ರು ಕೊಡ್ಬೋದು ಅಂದ್ರು, ನರ್ಸಮ್ಮ ಸೀಲ್ ಇರೋ ಬಾಟ್ಲಿ ಕೊಟ್ರು."

"ಒಳ್ಳೇದಾಯ್ತು. ಕೊಡಿ ಅಮ್ಮಾ."

"ನಾನೇ ಮೊದ್ಲು ಒಂದು ಲೋಟ ಕುಡ್ದು ಕೂತಿದೀನಿ. ಅರ್ಧ ಗಂಟೆ ಆತು. ಇನ್ನೂ ಎಷ್ಟು ಹೊತ್ತು ಕಾಯ್ಬೇಕು ಮೇಡಂ?"