ಲೂಲಿಯ ಬಾಣಂತನ

"ಇಲ್ಲಿ ಉಸ್ತಾ ನಸೀಫ್ ಅಂದ್ರೆ ಯಾರ್ರೀ?"

ಕ್ಷೌರದಂಗಡಿಯ ಬಾಗಿಲು ಗೋಡೆಗೆ ಬಡಿದ ಸದ್ದಿಗೆ, ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದ ಗಿರಾಕಿ ಬೆಚ್ಚಿ ಕಣ್ಣು ಬಿಟ್ಟ. ಬಾಗಿಲಲ್ಲಿ ದಮ್ಯಾನಾ ನಿಂತಿದ್ದಳು. ಒಂದು ಕೈಯಲ್ಲಿ ಸ್ಕ್ಯಾನ್ ಚೀಟಿ, ಇನ್ನೊಂದು ಕಂಕುಳಲ್ಲಿ ಬಿಳಿ ಉಣ್ಣೆಯ ಉಂಡೆಯಂಥ ಪುಟ್ಟ ನಾಯಿ ಲೂಲಿ.

ಕತ್ತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕ್ಷೌರಿಕ ತಿರುಗಿದ. ಕಸುಬುದಾರರನ್ನು ಆ ಊರಲ್ಲಿ 'ಉಸ್ತಾ' ಅಂತಲೇ ಕರೆಯುವುದು. ಎತ್ತರದ ಆಳು. ಕನ್ನಡಿಯ ಹಾಗೆ ನುಣ್ಣಗೆ ಬೋಳಿಸಿದ ಮುಖ.

"ನಾನೇ. ಏನಾಗ್ಬೇಕಿತ್ತು?"

"ಏನಾಗ್ಬೇಕಿತ್ತಾ? ಆಗೋದೆಲ್ಲ ಆಗಿಹೋಗಿದೆ! ನೋಡಿ ಇಲ್ಲಿ... ಮೂರು ಮರಿ! ತಾರಸಿ ಮೇಲೆ ಕರು ಸಾಕಿದ ಹಾಗೆ ಒಂದು ನಾಯಿ ಸಾಕಿದೀರಲ್ಲ, ಆ ಫಿಲ್‌ಫಿಲ್, ಅವನ ಕೆಲಸ ಇದು!"

"ಒಳ್ಳೇ ಸುದ್ದಿ ಅಲ್ವೇನಮ್ಮಾ, ಶುಭವಾಗ್ಲಿ," ಅಂದ ಗಿರಾಕಿ, ನೊರೆಯ ಹಿಂದಿನಿಂದ.

"ನೀವು ಬಾಯಿ ಮುಚ್ಕೊಂಡು ಗಡ್ಡ ಮಾಡಿಸ್ಕೊಳ್ಳಿ!"

ಗಿರಾಕಿ ಮತ್ತೆ ಕಣ್ಣು ಮುಚ್ಚಿದ.

"ಡಾಕ್ಟ್ರು ಏನಂದ್ರು ಗೊತ್ತಾ? ತಾಯಿ ಚಿಕ್ಕದು, ಮೊದಲನೇ ಹೆರಿಗೆ, ಮರಿ ದೊಡ್ಡದಾಗಿ ಸಿಕ್ಕಿಹಾಕ್ಕೊಂಡ್ರೆ ತಾಯಿ ಉಳಿಯೋದು ಕಷ್ಟ ಅಂದ್ರು!" ದಮ್ಯಾನಾಳ ದನಿ ಒಂದು ಕ್ಷಣ ಒಡೆಯಿತು. ತಕ್ಷಣ ಸಿಟ್ಟು ಅದನ್ನು ಅಂಟಿಸಿತು. "ನಮ್ಮ ತಾರಸಿಗೂ ನಿಮ್ಮ ತಾರಸಿಗೂ ನಡುವಿನ ಬಾಗಿಲಿಗೆ ಚಿಲಕ ಹಾಕೋದು ಯಾರ ಕೆಲಸ? ಹೇಳಿ!"

ನಸೀಫನ ಕಣ್ಣು ಒಮ್ಮೆ ಮೇಲಿನ ಮಹಡಿಯ ಕಡೆ ಹೋಗಿ ಬಂತು. ಅವಳಿಗೆ ಅದು ಕಾಣಲಿಲ್ಲ.

"ನಂದೇ," ಅಂದ ಮೆಲ್ಲಗೆ. "ತಪ್ಪಾಯ್ತು."

ಮೂರು ಮಹಡಿಯ ಮೆಟ್ಟಿಲಿಳಿಯುವಾಗ ಅವಳು ಹತ್ತು ಜಗಳದ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಒಂದಕ್ಕೂ ಜಾಗ ಸಿಗಲಿಲ್ಲ. ಒಪ್ಪಿಕೊಂಡುಬಿಟ್ಟವನ ಜತೆ ಜಗಳ ಆಡುವುದು ಹೇಗೆ? ಅದಕ್ಕೇ ಅವಳ ಕೋಪ ಇನ್ನೂ ಏರಿತು!

*

ಶುಬ್ರಾ ಬಡಾವಣೆಯ ಆ ಬೀದಿಗೆಲ್ಲ ಗೊತ್ತಿದ್ದ ವಿಷಯ, ದಮ್ಯಾನಾ ನಾಯಿಗಾಗಿ ಮದುವೆ ಬಿಟ್ಟವಳು ಅಂತ. ಎರಡು ವರ್ಷದ ಕೆಳಗೆ ನಿಶ್ಚಯವಾಗಿದ್ದ ವರ, "ನಾನು ಬೇಕಾ, ಈ ನಾಯಿ ಬೇಕಾ?" ಅಂತ ಬಾಲ್ಕನಿಯ ಕೆಳಗೆ ನಿಂತು ಕೇಳಿದ್ದ. ಅವಳು ಉಂಗುರವನ್ನು ಬೆಂಕಿಪೊಟ್ಟಣದಲ್ಲಿ ಹಾಕಿ, ತರಕಾರಿ ತರಿಸುವ ಬುಟ್ಟಿಯಲ್ಲಿಟ್ಟು, ಹಗ್ಗ ಬಿಟ್ಟು ಕೆಳಗೆ ಇಳಿಸಿಬಿಟ್ಟಳು!

ಅಂದಿನಿಂದ ಮನೆಯಲ್ಲಿ ಅವಳು, ಅಜ್ಜಿ ಬಹೀಗಾ, ಲೂಲಿ. ಮೂವರೇ. ಬೇರೆಯವರ ಮದುವೆಯ ಉಡುಪಿಗೆ ಮುತ್ತು ಕಸೂತಿ ಹಾಕುವುದು ಅವಳ ಕಸುಬು. ಅವಳು ಸೂಜಿ ಹಿಡಿದು ಕೂತರೆ ಲೂಲಿ ಪಾದದ ಮೇಲೆ ಗಲ್ಲವಿಟ್ಟು ಮಲಗುತ್ತಿತ್ತು. 'ಇವಳೂ ಹೋದರೆ...' ಅಂತ ಮನಸ್ಸು ಶುರು ಮಾಡಿದರೆ ಸಾಕು, ದಮ್ಯಾನಾ ಎದ್ದು ಬಾಲ್ಕನಿಗೆ ಹೋಗಿ ಕೆಳಗಿನ ಅಂಗಡಿಯ ಕಡೆ ಎರಡು ಮಾತು ಬೈದು ಬರುತ್ತಿದ್ದಳು. ಅಳುವುದಕ್ಕಿಂತ ಅದು ಸುಲಭ.

ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ದಿನಗಳು, ಮಾಂಸ ಮುಟ್ಟುವಂತಿಲ್ಲ. ಅಜ್ಜಿ ಮೊಮ್ಮಗಳು ಫೂಲ್ ಕಾಳು, ಎಣ್ಣೆ, ಈರುಳ್ಳಿ ತಿಂದುಕೊಂಡಿದ್ದರೆ, ಲೂಲಿಗೆ ಮಾತ್ರ ದಿನಾ ಕೋಳಿಯ ಲಿವರ್ ಬೇಯುತ್ತಿತ್ತು.

"ಐವತ್ತೈದು ದಿನ ಈ ವಾಸನೆ ಕುಡಿದೇ ಸ್ವರ್ಗಕ್ಕೆ ಹೋಗ್ತೀನಿ ನಾನು," ಅಂತ ಗೊಣಗುತ್ತ ಅಜ್ಜಿಯೇ ಅದನ್ನು ಸಣ್ಣಗೆ ಹೆಚ್ಚಿ ತಿನ್ನಿಸುತ್ತಿದ್ದಳು. ಯಾಕೋ ಈ ಸಲ ಅಜ್ಜಿಯ ಅಕ್ಕರೆ ಸ್ವಲ್ಪ ಜಾಸ್ತಿಯೇ ಇತ್ತು.

ಒಂದು ಸಂಜೆ ದಮ್ಯಾನಾ ರೊಟ್ಟಿಗೆಂದು ಬುಟ್ಟಿ ಇಳಿಸಿದಳು. ಮೇಲೆ ಬಂದ ಬುಟ್ಟಿಯಲ್ಲಿ ರೊಟ್ಟಿಯ ಕೆಳಗೆ ಆರು ಬಿಳಿ ಟವೆಲು! ಒಗೆದು, ಕುದಿಸಿ, ಇಸ್ತ್ರಿ ಮಾಡಿದ್ದು.

"ಏನಿದು?" ಅಂತ ಮೇಲಿಂದ ಕಿರುಚಿದಳು.

"ಮರಿ ಒರೆಸೋಕೆ ಬೇಕಾಗತ್ತೆ!" ಕೆಳಗಿಂದ ನಸೀಫನ ದನಿ.

"ನಿಮ್ಮ ದಾನ ಯಾರಿಗೆ ಬೇಕು?"

ಟವೆಲುಗಳು ವಾಪಸ್ಸು ಇಳಿದವು. ಮರುದಿನ ಸೊಪ್ಪಿನ ಕೆಳಗೆ ಮತ್ತೆ ಬಂದವು. ಮತ್ತೆ ಇಳಿದವು. ಮೂರನೇ ದಿನ ಟವೆಲುಗಳ ಜತೆ ಒಂದು ಹೊಸ ಥರ್ಮಾಮೀಟರೂ ಇತ್ತು. ಅವಳು ಅದನ್ನು ಮಾತ್ರ ಇಟ್ಟುಕೊಂಡಳು. ಆಮೇಲೆ ಯೋಚಿಸಿ ಟವೆಲನ್ನೂ ಇಟ್ಟುಕೊಂಡಳು. ಬೈಯುವುದನ್ನು ಮಾತ್ರ ಬಿಡಲಿಲ್ಲ.

ಹೆರಿಗೆಯ ಪೆಟ್ಟಿಗೆಯನ್ನು ಅವನು ತಾನೇ ಹೊತ್ತು ತಂದ. ಕಿತ್ತಳೆ ಹಣ್ಣಿನ ಮರದ ಪೆಟ್ಟಿಗೆ. ಮೊಳೆಗಳನ್ನು ಕಿತ್ತು, ಅಂಚು ಉಜ್ಜಿ, ಒಂದು ಬದಿ ತಗ್ಗಿಸಿ, ತಾಯಿಯ ಬೆನ್ನಿಗೂ ಗೋಡೆಗೂ ನಡುವೆ ಮರಿ ನಜ್ಜುಗುಜ್ಜಾಗದಂತೆ ಒಳಸುತ್ತ ಒಂದು ಪಟ್ಟಿ ಹೊಡೆದಿದ್ದ. ಬಾಗಿಲಲ್ಲೇ ಅಜ್ಜಿ ಕೋಲು ಅಡ್ಡ ಹಿಡಿದಳು.

"ಪೆಟ್ಟಿಗೆ ಕೊಟ್ಟು ಹೋಗಪ್ಪಾ. ಹೊಸ್ತಿಲು ದಾಟ್ಬೇಡ. ಬಾಣಂತಿ ಮನೆಗೆ ಹಸಿ ಮಾಂಸ ಹಿಡಿದೋರು ಬರಬಾರ್ದು, ಹೊಸದಾಗಿ ಮುಖ ಬೋಳಿಸ್ಕೊಂಡೋರು ಬರಬಾರ್ದು. ಹಾಲು ಬತ್ತೋಗತ್ತೆ. ನಿನ್ನ ಮುಖ ನೋಡು, ದಿನಾ ಎರಡು ಸಲ ಬೋಳಿಸ್ತೀಯೇನೋ!"

"ಆಯ್ತು ಅಜ್ಜಿ," ಅಂದವನು ಪೆಟ್ಟಿಗೆಯನ್ನು ಹೊಸ್ತಿಲಾಚೆಯಿಂದಲೇ ಒಳಕ್ಕೆ ಜಾರಿಸಿದ.

"ಇದು ಹೆಂಗಸರ ಹಳೇ ನಂಬಿಕೆ, ಅಜ್ಜಿ. ಅದೂ ನಾಯಿಗೆ!" ದಮ್ಯಾನಾ ನಕ್ಕುಬಿಟ್ಟಳು. ಆಮೇಲೆ ತಾನು ಕೋಪದಲ್ಲಿರಬೇಕಾದವಳು ಅಂತ ನೆನಪಾಗಿ ಬಾಗಿಲನ್ನು ದಡಾರನೆ ಹಾಕಿದಳು.

*

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಕಳೆದ ಮೇಲೆ ಬೀದಿಯಲ್ಲೊಂದು ಗುಸುಗುಸು ಎದ್ದಿತು. ಉಸ್ತಾ ನಸೀಫ್ ಗಡ್ಡ ಬಿಟ್ಟಿದ್ದಾನೆ!

"ಯಾರು ತೀರ್ಕೊಂಡ್ರಪ್ಪಾ?" ಅಂತ ಗಿರಾಕಿಗಳು ಕೇಳತೊಡಗಿದರು. ಆ ಬೀದಿಯಲ್ಲಿ ಗಂಡಸು ಗಡ್ಡ ಬಿಟ್ಟರೆ ಸಾವಿನ ಮನೆ ಅಂತಲೇ ಲೆಕ್ಕ. ಈಸ್ಟರ್ ರಾತ್ರಿಯ ಪೂಜೆಗೂ ಅವನು ಹೊಸ ಅಂಗಿಯ ಮೇಲೆ ಅದೇ ಗಡ್ಡ ಹೊತ್ತು ಬಂದ. ಚರ್ಚಿನ ಅಂಗಳದಲ್ಲಿ ದಮ್ಯಾನಾ ಎದುರಾದಳು.

"ಏನ್ರೀ ಉಸ್ತಾ, ಹಬ್ಬದ ದಿನಾನೂ ಈ ವೇಷಾನಾ? ಊರಿಗೆಲ್ಲ ಬೋಳಿಸೋರ ಮುಖ ಆಡಿನ ಥರ ಆಗಿದೆ. ಯಾರು ಸತ್ರು?"

"ಇನ್ನೂ ಯಾರೂ ಸತ್ತಿಲ್ಲ," ಅಂದ. "ಸಾಯಬಾರ್ದು ಅಂತಾನೇ."

'ತಲೆ ಕೆಟ್ಟಿದೆ ಇವನಿಗೆ,' ಅಂದುಕೊಂಡು ಅವಳು ಮುಖ ತಿರುಗಿಸಿದಳು. ಆದರೂ ಆ ಮಾತು ಮನೆಯವರೆಗೂ ಹಿಂದೆ ಬಂತು.

*

ಈಸ್ಟರಿನ ಮರುದಿನ, ಸೋಮವಾರ ಬೆಳಿಗ್ಗೆ ಶಮ್ಮುನ್ನಸೀಮ್. ವಸಂತದ ಹಬ್ಬ. ಉಪ್ಪು ಮೀನು, ಬಣ್ಣದ ಮೊಟ್ಟೆ, ಹಸಿ ಈರುಳ್ಳಿ ಕಟ್ಟಿಕೊಂಡು ಊರಿಗೆ ಊರೇ ನದಿಯ ದಡಕ್ಕೂ ತೋಟಗಳಿಗೂ ಹೊರಟಿತ್ತು. ಹತ್ತು ಗಂಟೆಗೆ ಕಟ್ಟಡ ಖಾಲಿ.

ಲೂಲಿಯ ಮೈಬಿಸಿ ಮೂವತ್ತಾರೂ ಮುಕ್ಕಾಲು ಡಿಗ್ರಿಗೆ ಇಳಿದಿತ್ತು. ಹೆರಿಗೆ ಹತ್ತಿರ ಬಂತು ಅಂತ ಅರ್ಥ. ಪೆಟ್ಟಿಗೆಯ ಹಳೇ ಪತ್ರಿಕೆಗಳನ್ನೆಲ್ಲ ಹರಿದು ಗುಪ್ಪೆ ಹಾಕಿ, ಏದುಸಿರು ಬಿಡುತ್ತ, ದಮ್ಯಾನಾಳ ಕಡೆ ನೋಡುತ್ತಿತ್ತು. ಕತ್ತರಿ ಕುದಿಸಿ ಇಟ್ಟಾಗಿತ್ತು. ರೇಷ್ಮೆ ದಾರ, ಬಿಸಿನೀರಿನ ಚೀಲ, ಟವೆಲು... ಎಲ್ಲ ಸಿದ್ಧ.

ಹನ್ನೊಂದಕ್ಕೆ ಮೊದಲನೇ ಮರಿ ಬಂತು. ಕಪ್ಪು ಬಿಳುಪು. ದಮ್ಯಾನಾ ನಗುತ್ತ ಅಳುತ್ತ ಹೊಕ್ಕುಳಬಳ್ಳಿಗೆ ದಾರ ಕಟ್ಟಿದಳು.

ಎರಡನೆಯದು ಬರಲಿಲ್ಲ.

ಲೂಲಿ ತಿಣುಕಿತು, ತಿಣುಕಿತು... ಎರಡು ಪುಟ್ಟ ಹಿಂಗಾಲು ಮಾತ್ರ ಹೊರಗೆ ಕಂಡು ಅಲ್ಲೇ ನಿಂತವು. ಲೂಲಿಯ ಕಣ್ಣು ಮಂಕಾಗತೊಡಗಿತು. ಡಾಕ್ಟರ ಫೋನು ಬಡಿದುಕೊಳ್ಳುತ್ತಲೇ ಇತ್ತು. ಇನ್ನಿಬ್ಬರು ಡಾಕ್ಟರುಗಳದ್ದೂ ಅಷ್ಟೇ.

ದಮ್ಯಾನಾ ಬಾಲ್ಕನಿಗೆ ಓಡಿದಳು. ಬೀದಿಗೆ ಬೀದಿಯೇ ಖಾಲಿ. ಮುಚ್ಚಿದ ಅಂಗಡಿಯ ಮುಂದೆ, ಕುರ್ಚಿ ಹಾಕಿಕೊಂಡು, ಫಿಲ್‌ಫಿಲ್‌ನನ್ನು ಕಾಲಡಿ ಮಲಗಿಸಿಕೊಂಡು ನಸೀಫ್ ಒಬ್ಬನೇ ಕೂತಿದ್ದ.

"ನಸೀಫ್! ಮೇಲೆ ಬಾ! ಬೇಗ ಬಾ!"

ಮೊದಲ ಸಲ 'ನೀವು' ಕಳಚಿಬಿದ್ದಿತ್ತು. ಇಬ್ಬರಿಗೂ ಅದು ಗೊತ್ತಾಗಲಿಲ್ಲ.

ಅವನು ಎರಡೆರಡು ಮೆಟ್ಟಿಲು ಹಾರಿ ಬಂದ. ಬಂದವನು ಹೊಸ್ತಿಲಲ್ಲಿ ಗಕ್ಕನೆ ನಿಂತ!

"ಒಳಗೆ ಬಾ ಅಂದೆ!" ದಮ್ಯಾನಾ ಚೀರಿದಳು. "ಅಲ್ಲಿ ಲೂಲಿ ಸಾಯ್ತಿದಾಳೆ! ನಿನ್ನಿಂದ, ನೀನು ಚಿಲಕ ಹಾಕದೇ ಇದ್ದಿದ್ದಕ್ಕೆ! ಈಗ ಬಾಗಿಲಲ್ಲಿ ನಿಂತು ತಮಾಷೆ ನೋಡ್ತೀಯಾ?"

ಅವನು ಅವಳನ್ನು ನೋಡಲೇ ಇಲ್ಲ. ಅಜ್ಜಿಯ ಕಡೆ ತಿರುಗಿ ಕೆನ್ನೆ ಮುಟ್ಟಿಕೊಂಡ.

"ಅಜ್ಜಿ, ಇವತ್ತಿಗೆ ಎಂಟು ದಿನ. ಕತ್ತಿ ತಾಗಿಸಿಲ್ಲ. ಕಿಸೆಯಲ್ಲೂ ಇಲ್ಲ. ಬರಬಹುದಾ?"

ಅಜ್ಜಿಯ ಕೈಯಿಂದ ಕೋಲು ಜಾರಿತು.

"ಬಾ ಮಗನೇ... ಬಾ. ಸಾಕು, ನನ್ನ ಕೈಲಿ ಇನ್ನಾಗಲ್ಲ." ಮುದುಕಿ ಅಲ್ಲೇ ನೆಲಕ್ಕೆ ಕುಸಿದು ಕೂತಳು. "ದಮ್ಯಾನಾ, ಅವನನ್ನ ಬೈಬೇಡ. ಚಿಲಕ ತೆಗೆದವಳು ನಾನು! ಉಪವಾಸಕ್ಕೆ ಮುಂಚಿನ ವಾರ ಉಳಿದ ಮಾಂಸ ಫಿಲ್‌ಫಿಲ್‌ಗೆ ಹಾಕೋಣ ಅಂತ ಹೋದೆ. ಬಾಗಿಲು ಮುಚ್ಚೋದು ಮರ್ತು ಬಂದೆ. ಇವನು ನೋಡಿದ್ದ. 'ನಂದೇ ತಪ್ಪು ಅಂತೀನಿ, ಸುಮ್ನಿರಿ' ಅಂದ."

ದಮ್ಯಾನಾಳ ಕಿವಿಯಲ್ಲಿ ಗುಂಯ್ ಅಂದಿತು. ಐದು ವಾರ! ಐದು ವಾರದ ಬೈಗುಳ!

"ನಿಮ್ಮಿಬ್ಬರನ್ನೂ ಆಮೇಲೆ ವಿಚಾರಿಸ್ಕೋತೀನಿ!" ಎಂದು ಹಲ್ಲು ಕಚ್ಚಿದಳು. "ಮೊದ್ಲು ಇವಳನ್ನ ಉಳಿಸು!"

ಅವನು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಮಂಡಿಯೂರಿದ. "ನನ್ನ ತಾತನ ಮನೇಲಿ ಆಡುಗಳಿದ್ವು," ಅಂದ ಅಷ್ಟೇ. ಟವೆಲಿನಲ್ಲಿ ಆ ಪುಟ್ಟ ಕಾಲುಗಳನ್ನು ಹಿಡಿದ. "ಅವಳು ತಿಣುಕಿದಾಗ ಮಾತ್ರ ಎಳೀಬೇಕು. ನೀನು ಅವಳ ಜತೆ ಮಾತಾಡ್ತಿರು. ಬೈಯೋದಾದ್ರೂ ಬೈ, ನಿನ್ನ ದನಿ ಕೇಳ್ಲಿ."

"ಲೂಲಿ... ನನ್ನ ಬಂಗಾರ... ನನ್ನ ಬಿಟ್ಟು ಹೋದ್ರೆ ನೋಡು, ಸುಮ್ನೆ ಬಿಡಲ್ಲ ನಿನ್ನ! ತಿಣುಕೇ... ಇನ್ನೊಂದು ಸಲ..."

ಲೂಲಿ ತಿಣುಕಿತು. ನಸೀಫನ ಬೆರಳುಗಳು ಕೆಳಮುಖವಾಗಿ ಮೆಲ್ಲಗೆ ಎಳೆದವು. ಜಾರಿ ಬಂತು! ಆದರೆ ಮರಿ ಅಲುಗಲಿಲ್ಲ, ಉಸಿರಾಡಲಿಲ್ಲ. ಅವನು ಅದರ ಮೂಗು ಬಾಯಿ ಒರೆಸಿ ದಮ್ಯಾನಾಳ ಕೈಗಿಟ್ಟ.

"ಉಜ್ಜು. ಹೆದರಬೇಡ, ಜೋರಾಗಿ ಉಜ್ಜು."

ಅವಳು ಉಜ್ಜಿದಳು. ಐದು ವಾರದ ಸಿಟ್ಟನ್ನೆಲ್ಲ ಆ ಟವೆಲಿಗೆ ಹಾಕಿ ಉಜ್ಜಿದಳು. ಕಣ್ಣೀರು ಮರಿಯ ಮೇಲೆ ಬಿತ್ತು. ಒಂದು ನಿಮಿಷ... ಎರಡು...

"ಕ್ಯೀಂ!"

ಅಜ್ಜಿ ಶಿಲುಬೆ ಗುರುತು ಮಾಡಿಕೊಂಡು ಹೋ ಎಂದು ಅತ್ತಳು. ಅರ್ಧ ಗಂಟೆಯಲ್ಲಿ ಮೂರನೆಯದು ಯಾರ ಹಂಗೂ ಇಲ್ಲದೆ ತಾನಾಗಿ ಬಂತು. ಲೂಲಿ ಮೂರನ್ನೂ ನೆಕ್ಕಿ ಒಣಗಿಸಿ, ಹಾಲಿಗೆ ಬಿಟ್ಟುಕೊಂಡು, ನೆಮ್ಮದಿಯಾಗಿ ಕಣ್ಣು ಮುಚ್ಚಿ ಮಲಗಿತು. ಹಾಲು ಧಾರಾಳವಾಗಿತ್ತು.

*

ದಮ್ಯಾನಾ ಬಾಲ್ಕನಿಗೆ ಬಂದು ಕಂಬಿ ಹಿಡಿದು ನಿಂತಳು. ಹಿಂದೆ ಹೆಜ್ಜೆಯ ಸದ್ದು.

"ಯಾಕೆ ಹೇಳ್ಲಿಲ್ಲ?" ತಿರುಗದೇ ಕೇಳಿದಳು.

"ಅಜ್ಜಿಗೆ ಎಂಬತ್ತು ವರ್ಷ. ನೀನು ಅವರನ್ನ ಬೈದಿದ್ರೆ ಅವರು ಕುಗ್ಗಿ ಹೋಗ್ತಿದ್ರು. ಬೈಯದೆ ಇದ್ದಿದ್ರೆ ನೀನು ಒಳಗೊಳಗೇ ಕುದೀತಿದ್ದೆ. ನಂಗೆ ಬೈದ್ರೆ ಯಾರಿಗೂ ನಷ್ಟ ಇರ್ಲಿಲ್ಲ."

"ಸುಳ್ಳು! ಇನ್ನೇನೋ ಇದೆ."

ಅವನು ಕಂಬಿಗೆ ಕಟ್ಟಿದ್ದ ಬುಟ್ಟಿಯ ಹಗ್ಗ ಮುಟ್ಟಿದ.

"ಅಂಗಡಿ ತಗೊಂಡು ಮೂರು ತಿಂಗಳು, ಮೇಲಿಂದ ಇಳಿಯೋ ಬುಟ್ಟಿ ಮಾತ್ರ ನೋಡಿದ್ದೆ. ಕೈ ಕಾಣ್ತಿತ್ತು, ಮುಖ ಕಾಣ್ತಿರ್ಲಿಲ್ಲ. ಬೈಯೋಕಾದ್ರೂ ದಿನಾ ಬಾಲ್ಕನಿಗೆ ಬರ್ತೀಯಲ್ಲ ಅಂತ..."

ದಮ್ಯಾನಾ ಗಿರ್ರನೆ ತಿರುಗಿದಳು. ಕಣ್ಣಲ್ಲಿ ನೀರೂ ಬೆಂಕಿಯೂ ಒಟ್ಟಿಗೆ.

"ನನ್ನನ್ನ ಊರಿಗೆಲ್ಲ ಜಗಳಗಂಟಿ ಮಾಡಿ, ನೀನು ದೊಡ್ಡ ಸಾಧು ಆದೆ! ನಂಗೆ ಎಷ್ಟು ಕೋಪ ಬಂದಿದೆ ಗೊತ್ತಾ?"

"ಗೊತ್ತು."

"ಮತ್ತೆ ಈ ಗಡ್ಡ? ಊರವರೆಲ್ಲ ಯಾರು ಸತ್ರು ಅಂತ ಕೇಳ್ತಿದ್ರೆ, ಒಂದು ನಾಯಿ ಬಾಣಂತನಕ್ಕೆ ಅಂತ... ಆ ಹಳೇ ನಂಬಿಕೆ ನಂಬ್ತೀಯಾ ನೀನು?"

"ನಂಬಲ್ಲ. ಆದ್ರೆ ನೀನು ಕರೆದ ದಿನ, ಬಾಗಿಲಲ್ಲಿ ಯಾರೂ ನನ್ನ ತಡೀಬಾರ್ದಿತ್ತು."

ಆಯ್ಕೆ ಮಾಡು ಅಂತ ಕೆಳಗೆ ನಿಂತು ಕೂಗಿದವನೊಬ್ಬ. ಕರೆದರೆ ಬರಲಿಕ್ಕೆ ಅಂತ ಎಂಟು ದಿನ ಬೀದಿಯ ಬಾಯಿಗೆ ಬಿದ್ದವನು ಇವನು. ಅವಳು ಕೈ ಚಾಚಿ ಆ ಒರಟು ಕೆನ್ನೆಯನ್ನು ಮುಟ್ಟಿದಳು.

"ಬಾಣಂತನ ಎಷ್ಟು ದಿನ?" ಕೇಳಿದ.

"ನಲವತ್ತು."

"ಅಲ್ಲಿವರೆಗೂ ಹೀಗೇ ಇರ್ಲಾ?"

"ಇರ್ಬೇಕು. ದಿನಾ ಬರ್ಬೇಕು. ಮೂರು ಮರಿ ತೂಕ ನೋಡೋಕೆ ಒಬ್ಬಳಿಗೆ ಆಗಲ್ಲ."

"ನಲವತ್ತೊಂದನೇ ದಿನ?"

"ನಾನೇ ಬೋಳಿಸ್ತೀನಿ." ಮುಖ ಕೆಂಪಾಗಿದ್ದು ಕೋಪಕ್ಕೆ ಅಂತಲೇ ಅವಳು ತೋರಿಸಿಕೊಂಡಳು. "ನಮ್ಮಲ್ಲಿ ಮದುಮಗನ್ನ ಮದುವೆ ದಿನ ಬೋಳಿಸೋದು ಬೀದಿಯ ಕ್ಷೌರಿಕ. ಕ್ಷೌರಿಕನೇ ಮದುಮಗ ಆದ್ರೆ ಇನ್ಯಾರು ಮಾಡ್ತಾರೆ?"

ಒಳಗಿನಿಂದ ಅಜ್ಜಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಕತ್ತಿ ಹಿಡಿದು ಅಭ್ಯಾಸ ಇದೆಯಾ ನಿಂಗೆ?" ಅಂದ ನಸೀಫ್.

"ಇಲ್ಲ."

"ಕುಯ್ದುಬಿಟ್ರೆ?"

"ಐದು ವಾರ ನಾಲಗೆಯಿಂದ ಕುಯ್ದೆ. ಆಗ ಓಡಿ ಹೋದ್ಯಾ?"

"ಇಲ್ಲ."

"ಈಗ್ಲೂ ಸುಮ್ನೆ ಕೂತ್ಕೋ," ಅಂದಳು ದಮ್ಯಾನಾ, ಮತ್ತು ಕೆನ್ನೆಯ ಮೇಲಿನ ಕೈಯನ್ನು ತೆಗೆಯಲಿಲ್ಲ.