ಅವ್ವನಿಗೆ ಮಾತ್ರ ಕಂಡವನು

“ನಿಲ್ಲ್ರೀ! ಮುಂದ ಕಾಲಿಡಬ್ಯಾಡ್ರಿ!”

ಹಿಂದಿನಿಂದ ಬಂದ ಕೂಗಿಗೆ ಗುರುದೇವಿ ಬೆಚ್ಚಿದಳು. ಎತ್ತಿದ ಕಾಲು ಇಳಿಸುವ ಮೊದಲೇ ಯಾರೋ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದರು.

“ಕೈ ಬಿಡ್ರಿ! ಯಾರು ನೀವು?”

ಅವನು ಬಾಗಿ ಒಂದು ಕಲ್ಲು ಎತ್ತಿ, ಅವಳು ಕಾಲಿಡಲಿದ್ದ ಬೆಳ್ಳಗಿನ ಸಪಾಟು ನೆಲದ ಮೇಲೆ ಎಸೆದ.

ಗುಳುಂ!

ನೆಲ ಬಾಯಿ ತೆರೆದು ಕಲ್ಲನ್ನು ನುಂಗಿತು. ಕಪ್ಪು ನೀರು ಒಮ್ಮೆ ಮಿನುಗಿತು... ಬಿಳಿ ಪುಡಿ ಮೆಲ್ಲಗೆ ಮತ್ತೆ ಕೂಡಿಕೊಂಡಿತು. ಏನೂ ಆಗಿಯೇ ಇಲ್ಲವೆಂಬಂತೆ!

“ಹಳೇ ಕಲ್ಲಿನ ಖಣಿ ಅದ ಇದು,” ಎಂದ ಅವನು. “ಸಿಮೆಂಟ್ ಕಾರಖಾನಿ ಧೂಳು ನೀರಿನ ಮ್ಯಾಲ ಕುಂತದ. ಹೊಸಬರಿಗೆ ನೆಲ ಅಂತನ ಕಾಣ್ತದ. ಹೋದ ವರ್ಷ ಒಬ್ಬಾಕಿ ಹೋದ್ಲು... ಸಿಗಲೇ ಇಲ್ಲ.”

ಗುರುದೇವಿ ಎರಡು ಹೆಜ್ಜೆ ಹಿಂದೆ ಸರಿದಳು. ಆಗಲೇ ಅವಳು ಅವನನ್ನು ಸರಿಯಾಗಿ ನೋಡಿದ್ದು. ಮೈಯೆಲ್ಲ ಬಿಳಿ ಧೂಳು. ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿದ ಎಡಗೈಯನ್ನು ಎದೆಗೆ ಒತ್ತಿ ಹಿಡಿದಿದ್ದ. ಕಣ್ಣು ಮಾತ್ರ... ಅಯ್ಯೋ, ಎಂಥ ಕಣ್ಣು ಅವು! ಅವಳಿಗಿಂತ ಅವನೇ ಹೆಚ್ಚು ಹೆದರಿದ್ದ.

ಅವನ ಹೆಸರು ಶಿವರಾಯ. ದಂಡೋತಿಯವನು. ಊರೂರು ತಿರುಗಿ, ಸಿಡುಬು ಬಾರದಂತೆ ಮಕ್ಕಳಿಗೆ ದೇವಿ ಹಾಕುವ ಕೆಲಸ.

ಅವಳು ಗುರುದೇವಿ. ಬಿಜಾಪುರ ಸೀಮೆಯ ಇಂಡಿ ಹತ್ತಿರದ ಹುಡುಗಿ. ಇಂಗ್ರೇಜರ ಸೀಮೆ ದಾಟಿ, ಜನ ಮೊಗಲಾಯಿ ಎನ್ನುವ ಈ ನಿಜಾಮರ ರಾಜ್ಯಕ್ಕೆ, ಶಹಾಬಾದಿಗೆ ಬಂದಿದ್ದಳು. ಇಲ್ಲಿಯ ಹೆಂಗಸರ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ವಿದ್ಯೆ ಕಲಿಯಲಿಕ್ಕೆ. ಬೇರೆ ರಾಜ, ಬೇರೆ ನಾಣ್ಯ, ಕಚೇರಿಯಲ್ಲೆಲ್ಲ ಉರ್ದು. ಬಂದ ಹೊಸತರಲ್ಲಿ ದಿನಾ ಅತ್ತಿದ್ದಳು.

ಅವನು ಸಿಕ್ಕ ಮೇಲೆ ಅಳು ನಿಂತಿತು.

ಉರ್ದು ಅಕ್ಷರ ಕಲಿಸಿದ್ದು ಅವನೇ. ಔಷಧಿ ಒಯ್ಯಲು ದವಾಖಾನೆಗೆ ಬಂದಾಗಲೆಲ್ಲ ಒಂದು ಮಾತು, ಒಂದು ನಗು... ಒಂದು ದಿನ ಅವನೇ ಹೇಳಿದ್ದ: “ಮಳಿಗಾಲ ಮುಗೀಲಿ. ನಿಮ್ಮಪ್ಪನ ಮುಂದ ಬಂದು ಕುಂದ್ರತೀನಿ. ಮಗಳನ್ನ ಕೊಡ್ರಿ ಅಂತ ಕೇಳ್ತೀನಿ.”

ಆದರೆ ಆ ಮಳೆಗಾಲದಲ್ಲೇ ಚಿಂಚೋಳಿ ಕಡೆ ವಾಂತಿಭೇದಿ ಎದ್ದಿತು. ಶಿವರಾಯನನ್ನು ಕೊಡ್ಲಿಗೆ ಕಳಿಸಿದರು. ಹೋದವನ ಸುದ್ದಿ ಇಲ್ಲ. ಕಾಗಿಣಾ ತುಂಬಿ ಹರಿದು ದಾರಿಯೇ ಕಡಿದುಹೋಗಿತ್ತು.

ನೀರು ಇಳಿದ ಮೇಲೆ ಆ ಕಡೆಯಿಂದ ಬಂದ ಗಾಡಿಯವನು ದವಾಖಾನೆಯ ಅಂಗಳದಲ್ಲಿ ನಿಂತು ಹೇಳಿದ, “ದವಾಖಾನಿ ಕೋಟು ಹಾಕ್ಕೊಂಡಿದ್ದನಲ್ರಿ, ಅಂವ ಹೋದ. ಕೊಡ್ಲಿಯೊಳಗ ಮಣ್ಣು ಮಾಡಿದ್ರು. ನಾನೇ ನೋಡೀನಿ.”

ಗುರುದೇವಿ ಅಳಲಿಲ್ಲ. ಯಾವ ಹಕ್ಕಿನಿಂದ ಅಳಬೇಕು? ಅವಳು ಅವನಿಗೆ ಏನಾಗಬೇಕು? ‘ಹಣೆಗೆ ವಿಭೂತಿ ಹಚ್ಚುವವರೂ ಇಲ್ಲದೆ ಹೋದ್ಯಾ...’ ಎಂದು ಒಳಗೊಳಗೇ ಕರಗಿದಳು.

ಊರಿಂದ ಅಪ್ಪ ಹೇಳಿ ಕಳಿಸಿದ್ದರು, ಇಂಡಿಯಲ್ಲಿ ಒಂದು ಸಂಬಂಧ ಬಂದಿದೆ ಎಂದು. ಹೂಂ ಎಂದುಬಿಟ್ಟಳು. ಪರೀಕ್ಷೆ? ಅದೂ ಬೇಡ. ಅಪ್ಪ ಅವ್ವ ಬರುತ್ತಾರೆ, ಒಂದು ದಿನ ಊರು ತೋರಿಸುವುದು, ಮರುದಿನ ಅವರ ಹಿಂದೆ ರೈಲು ಹತ್ತುವುದು. ಮುಗಿಯಿತು.

* * *

ಅವರು ಬಂದ ದಿನ ಶಹಾಬಾದಿನ ಮೇಲೆ ದಟ್ಟ ಮಂಜು ಇಳಿದಿತ್ತು. ಕಾರಖಾನೆಯ ಧೂಳೂ ಅದರಲ್ಲಿ ಕೂಡಿ, ಸ್ಟೇಷನ್ನಿನ ಜನರೆಲ್ಲ ಬಿಳಿ ನೆರಳುಗಳ ಹಾಗೆ ತೇಲಾಡುತ್ತಿದ್ದರು.

“ಗುರೂ...!” ಅವ್ವ ಚಂದಮ್ಮ ಮಗಳನ್ನು ತಬ್ಬಿಕೊಂಡಳು. ಅಪ್ಪ ಕಲ್ಯಾಣಪ್ಪ ರುಮಾಲು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಬೇರೆ ಕಡೆ ನೋಡಿದರು.

ಕರೋಡಗಿರಿ ಸಿಪಾಯಿ ಗಂಟು ಬಿಚ್ಚಿಸಿದ. ಬ್ರಿಟಿಷ್ ಸೀಮೆಯಿಂದ ಬರುವ ಸಾಮಾನಿಗೆ ಸುಂಕ. ಸಜ್ಜೆ ರೊಟ್ಟಿಯ ಅಡಿಯಲ್ಲೂ ಕೈಹಾಕಿ ನೋಡುತ್ತಿದ್ದವನಿಗೆ ಗುರುದೇವಿ ಉರ್ದುವಿನಲ್ಲಿ ಪಟಪಟ ಏನೋ ಹೇಳಿದಳು. ಅವನು ನಕ್ಕು ಬಿಟ್ಟುಬಿಟ್ಟ.

“ಏನಂದಿ ಅವಗ?” ಅಪ್ಪ ಬೆರಗಾದರು.

“ನಮ್ಮವ್ವ ಕಟ್ಟಿದ ರೊಟ್ಟಿ ಅದ, ಮುಟ್ಟಿದ ಮ್ಯಾಲ ತಿಂದs ಹೋಗಬೇಕು ಅಂದೆ.”

“ಅದ ಅಂತ, ಅದ! ಐತಿ ಅನ್ನೂದು ಮರತಿ ನೋಡು,” ಎಂದು ಅವ್ವ ನಕ್ಕಳು. ನಗುತ್ತಲೇ ಮಗಳ ಹೆಗಲಿನಾಚೆ ನೋಡಿ, “ಅಂವ ಯಾರವ್ವ?” ಎಂದಳು.

“ಯಾರು?”

“ಆ ಕಂಬದ ಹಂತೇಕ ನಿಂತಾನಲ್ಲ. ನಾವು ಇಳದಾಗಿಂದ ನಿನ್ನನ್ನ ನೋಡಾಕತ್ತಾನ.”

ಗುರುದೇವಿ ತಿರುಗಿದಳು. ಕಂಬವಿತ್ತು. ಮಂಜಿತ್ತು. ಯಾರೂ ಇರಲಿಲ್ಲ.

* * *

ಹಾಜಿಮಲಂಗನ ಟಾಂಗಾ ಹತ್ತಿ ಮೂವರೂ ಊರು ನೋಡಲು ಹೊರಟರು.

ಮೊದಲು ದವಾಖಾನೆ. ಅಲ್ಲಿ ಹಿಂದಿನ ದಿನ ಗುರುದೇವಿಯೇ ಹೆರಿಗೆ ಮಾಡಿಸಿದ ಮಗುವಿತ್ತು. ಅದರ ತಾಯಿ ಮೆಹತಾಬ್ ಎದ್ದು ಕೂತು ಕಲ್ಯಾಣಪ್ಪನವರಿಗೆ ಕೈಮುಗಿದಳು. “ನಿಮ್ಮ ಮಗಳು ಇರ್ಲಿಲ್ಲಂದ್ರ ನಾ ಇರ್ತಿರ್ಲಿಲ್ಲರಿ, ಬಾಬಾ. ಕೂಸು ಅಡ್ಡ ಕುಂತಿತ್ತು.”

ಕಲ್ಯಾಣಪ್ಪನವರು ಮಗಳ ಕೈಗಳನ್ನೇ ನೋಡುತ್ತ ನಿಂತರು. ಇಷ್ಟು ಸಣ್ಣ ಕೈ...

“ಗುರೂ,” ಕಿಟಕಿಯ ಹತ್ತಿರ ನಿಂತಿದ್ದ ಅವ್ವ ಮೆಲ್ಲಗೆ ಕರೆದಳು. “ಬಂದಾನ ನೋಡು, ಮತ್ತ. ಬೇವಿನ ಗಿಡದ ಬುಡಕ.”

ಗುರುದೇವಿ ಓಡಿ ಬಂದು ನೋಡಿದಳು. ಬೇವಿನ ಕೆಳಗೆ ಒಣ ಎಲೆ ಸುಳಿಸುಳಿಯಾಗಿ ಎದ್ದು ಬೀಳುತ್ತಿತ್ತು. ಗಾಳಿಯೇ ಇರಲಿಲ್ಲ!

“ಅವ್ವಾ, ಯಾರೂ ಇಲ್ಲ ಅಲ್ಲಿ.”

“ಈಗ ಇದ್ದ. ಮಾರಿ ಎಲ್ಲಾ ಬೆಳ್ಳಗ... ವಿಭೂತಿ ಬಳಕೊಂಡಂಗ.”

ಗುರುದೇವಿ ಕಿಟಕಿಯಿಂದ ಸರಿದಳು. ‘ಇಲ್ಲ. ಕಾರಖಾನಿ ಆಳು ಇರಬೇಕು. ಈ ಊರಾಗ ಎಲ್ಲರೂ ಬೆಳ್ಳಗೇ ಇರ್ತಾರ...’

ಕಾರಖಾನೆಯ ಹಾದಿಯಲ್ಲಿ ಕುದುರೆ ನಿಂತುಬಿಟ್ಟಿತು. ಹಾಜಿಮಲಂಗ ಎಷ್ಟು ಹೊಡೆದರೂ ಮುಂದೆ ಹೋಗದು. ಕಿವಿ ನಿಮಿರಿಸಿ, ಖಾಲಿ ರಸ್ತೆಯನ್ನು ನೋಡುತ್ತ ನಡುಗತೊಡಗಿತು.

“ಏನಾಯ್ತೋ ಇದಕ್ಕ! ಯಾರನ್ನ ಕಂಡು ಹೆದರ್ತದ? ದಾರಿಯೊಳಗ ಒಂದು ನಾಯೀನೂ ಇಲ್ಲ, ಅವ್ವಾರ,” ಎಂದ ಅವನು.

ಚಂದಮ್ಮ ಸೆರಗು ಬಾಯಿಗೆ ಹಿಡಿದು, ಕುದುರೆ ನೋಡುತ್ತಿದ್ದ ಕಡೆಗೇ ನೋಡುತ್ತಿದ್ದಳು.

“ಅವ್ವಾ... ಇದ್ದಾನೇನು?” ಗುರುದೇವಿ ಕೇಳಿದಳು.

“ಹೂಂ. ಪಾಪ, ಒಂದು ಕೈ ಎದಿಗೆ ಒತ್ತಿ ಹಿಡಕೊಂಡಾನ. ಎಡಗೈ. ಸೊಟ್ಟ ಐತಿ.”

ಗುರುದೇವಿ ಟಾಂಗಾದ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವ್ವ ಶಿವರಾಯನನ್ನು ಎಂದೂ ನೋಡಿದವಳಲ್ಲ. ಅವನ ಹೆಸರನ್ನೂ ಕೇಳಿದವಳಲ್ಲ!

* * *

ಮಧ್ಯಾಹ್ನ ಬಾಡಿಗೆ ಕೋಣೆಯಲ್ಲಿ ಅಪ್ಪ ಉಂಡು ಅಡ್ಡಾದಾಗ ಗುರುದೇವಿ ಅವ್ವನ ಮಡಿಲಲ್ಲಿ ಮುಖ ಹುದುಗಿಸಿದಳು. ಇಷ್ಟು ದಿನ ಬಾರದ ಅಳು ಈಗ ಒಡೆದು ಬಂತು. ಎಲ್ಲ ಹೇಳಿದಳು. ಉರ್ದು ಅಕ್ಷರ, ಮಳೆಗಾಲ, ಕೊಡ್ಲಿಯ ಮಣ್ಣು...

 ಚಂದಮ್ಮನ ಬೆರಳು ಮಗಳ ಕೂದಲಲ್ಲಿ ಆಡುತ್ತಿತ್ತು.

“ಸತ್ತವರು ಸಿಟ್ಟಿನಿಂದ ಬರ್ತಾರ ಅಂತಾರ,” ಎಂದಳು ಕೊನೆಗೆ. “ಆದ್ರ ಅವನ ಕಣ್ಣಾಗ ಸಿಟ್ಟು ಇರಲಿಲ್ಲ, ಗುರು. ಏನೋ ಕೇಳಬೇಕು ಅನ್ನಾವ ನಿಂತಂಗ ನಿಂತಿದ್ದ.”

“ನಾ ಏನ್ ಮಾಡ್ಲವ್ವಾ?”

“ನದಿಗೆ ಹೋಗೂಣು. ಅವನ ಹೆಸರೀಲೆ ಒಂದು ದೀಪ ಬಿಡು. ಆಮ್ಯಾಲ... ನಾಳೆ ಊರಿಗೆ ಹೋಗೂಣು.”

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಕಲ್ಯಾಣಪ್ಪನವರ ಕಣ್ಣು ತೆರೆದೇ ಇತ್ತು. ಅದು ಇಬ್ಬರಿಗೂ ಗೊತ್ತಾಗಲಿಲ್ಲ.

* * *

ಹೊತ್ತು ಇಳಿಯುವಾಗ ಕಾಗಿಣಾ ನದಿಯ ದಂಡೆ ನಿರ್ಜನವಾಗಿತ್ತು. ನೀರಿನ ಮೇಲೆ ಮತ್ತೆ ಮಂಜು ಏಳುತ್ತಿತ್ತು.

ಗುರುದೇವಿ ಎಲೆಯ ಮೇಲೆ ದೀಪವಿಟ್ಟು ಬಿಟ್ಟಳು. ಅದು ಸ್ವಲ್ಪ ದೂರ ಹೋಗಿ, ನಡುನೀರಿಗೆ ಹೋಗದೆ, ದಂಡೆಗುಂಟ ತೇಲುತ್ತ ಒಂದು ಬಂಡೆಯ ಹತ್ತಿರ ನಿಂತುಬಿಟ್ಟಿತು.

ಬಂಡೆಯ ಮೇಲೆ ಅವನು ಕೂತಿದ್ದ.

ಈ ಸಲ ಗುರುದೇವಿಗೂ ಕಂಡ!

ಬೋಳಿಸಿದ ತಲೆ. ಒಳಗೆ ಹೋದ ಕೆನ್ನೆ. ಎದೆಗೆ ಒತ್ತಿದ ಎಡಗೈ. ಹೊದ್ದ ಕಂಬಳಿಯ ಮೇಲೆ ಬಿಳಿ ಧೂಳು.

“ಹೋಗಬ್ಯಾಡ ಗುರೂ!” ಅವ್ವ ಸೆರಗು ಹಿಡಿದಳು. ಗುರುದೇವಿ ಬಿಡಿಸಿಕೊಂಡಳು. ಕಾಲು ತಾನೇ ನಡೆಯಿತು. ‘ಕರಕೊಂಡು ಹೋಗಾಕ ಬಂದಿದ್ರ... ಕರಕೊಂಡು ಹೋಗ್ಲಿ.’

ಹತ್ತಿರ ಬಂದಂತೆ ಅವನು ಎದ್ದು ಹಿಂದೆ ಸರಿದ.

“ನಾ... ಕಾಣಬಾರದು ಅಂತನ ಇಲ್ಲಿ ಬಂದು ಕುಂತಿದ್ದೆ,” ಎಂದ. ಗಾಳಿಗಿಂತ ತೆಳ್ಳಗಿನ ದನಿ. “ಲಗ್ನ ಅದ ಅಂತಲ್ಲ ನಿಂದು. ಸ್ಟೇಷನ್ನಿನಾಗ ಟಾಂಗಾದವ್ರು ಹೇಳಿದ್ರು. ಚಂದಾಗಿರು.”

“ನೀವು... ಕೊಡ್ಲಿಯೊಳಗ...” ಎಂದಳು ಅವಳು.

ಅಷ್ಟರಲ್ಲಿ ಟಾಂಗಾದ ಹತ್ತಿರ ನಿಂತಿದ್ದ ಕಲ್ಯಾಣಪ್ಪ ಹಿಂದಿನಿಂದ ದಾಪುಗಾಲು ಹಾಕುತ್ತ ಬಂದರು. ನೇರ ಹೋಗಿ ಅವನ ರಟ್ಟೆ ಹಿಡಿದರು. ಹಿಡಿದು ನೋಡಿದರು. ಬಿಸಿ ಇತ್ತು. ಜ್ವರ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

“ಜೀವಂತ ಅದಾನಲ್ಲೇ ಇಂವ!”

ಗುರುದೇವಿ ಅಲ್ಲೇ ಮರಳಿನ ಮೇಲೆ ಕುಸಿದು ಕೂತಳು.

“ಹಂಗಾದ್ರ ಮಣ್ಣು ಮಾಡಿದ್ದು ಯಾರನ್ನ?” ಎಂದಳು, ಅಳುತ್ತ, ನಗುತ್ತ.

“ಗನಿಸಾಬ ಅಂತ ಒಬ್ಬ ದನ ಮಾರಾಂವ. ಬ್ಯಾನಿ ಬಿದ್ದು ಚಳಿಯಿಂದ ನಡಗ್ಲಿಕತ್ತಿದ್ದ. ನನ್ನ ಕೋಟು ತಗದು ಅವಗ ಹೊದಿಸಿದೆ. ಅದರೊಳಗs ಹೋದ. ಮರುದಿನ ನಾನೂ ಬಿದ್ದೆ. ಸುಂದರಬಾಯಿ ಅಂತ ಒಬ್ಬ ಮುದುಕಿ ಮನಿಯೊಳಗ ಇಟ್ಟುಕೊಂಡು ಗಂಜಿ ಹಾಕಿದ್ಲು. ಎದ್ದು ನಿಲ್ಲಲಿಕ್ಕs ಇಷ್ಟು ದಿನ ಬೇಕಾತು. ದಾರಿಯೊಳಗ ಬರಾವ್ರ ಕೈಲೆ ಹೇಳಿ ಕಳಿಸಿದ್ದೆ. ಮುಟ್ಟಿಲ್ಲ ಅಂತ ಈಗ ತಿಳೀತು.”

ಚಂದಮ್ಮ ಮೆಲ್ಲಗೆ ಮುಂದೆ ಬಂದಳು. “ಮತ್ತ ಮುಂಜಾನಿಂದ ನಮ್ಮ ಹಿಂದ ಹಿಂದ ತಿರಗೂದ್ಯಾಕಪ್ಪಾ? ಮುಂದ ಬಂದು ಮಾತಾಡಬೇಕಿಲ್ಲೋ? ನನ್ನ ಮಗಳ ಜೀವ ಹಾರಿ ಹೋಗಿತ್ತು!”

ಶಿವರಾಯ ಅವಳನ್ನು ಅರ್ಥವಾಗದೆ ನೋಡಿದ.

“ಮುಂಜಾನಿ? ನಾ ಮುಂಜಾನಿ ಇಲ್ಲಿ ಎಲ್ಲಿದ್ದೆನವ್ವಾ? ಸೇಡಂದಾಗ ಗಾಡಿ ಹಿಡದು, ವಾಡಿಯೊಳಗ ಬದಲಿ ಮಾಡಿ... ಈಗ ಸ್ವಲ್ಪ ಹೊತ್ತಿನ ಮುಂದ ಇಳದೀನಿ.”

ಕಲ್ಯಾಣಪ್ಪ ಹಿಡಿದಿದ್ದ ರಟ್ಟೆ ಬಿಟ್ಟರು. 

“ಮುಂಜಾನಿ ಸೇಡಂ ಸ್ಟೇಷನ್ನಿನಾಗ ಮೈ ಕೆಂಡ ಆಗಿ ಬಿದ್ದಿದ್ದೆ,” ಎಂದ ಅವನು, ಗುರುದೇವಿಯ ಕಡೆ ತಿರುಗಿ. “ಎಚ್ಚರ ಇರಲಿಲ್ಲ. ಕನಸಿನಾಗ ನಿನ್ನ ಹಿಂದs ಬರ್ಲಿಕತ್ತಿದ್ದೆ. ಕೂಗಿದ್ರ ದನಿ ಬರವಲ್ದು. ನೀ ಒಮ್ಮೆನೂ ತಿರುಗಿ ನೋಡಲಿಲ್ಲ.”

ಚಂದಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ ಸಣ್ಣಗೆ ಹೇಳಿದಳು.

“ಜೀವ ಮುಂದ ಬಂದೈತ್ರೀ. ಮೈ ಹಿಂದಿಂದ ಬಂದೈತಿ.”

ಕಲ್ಯಾಣಪ್ಪ ನದಿಯ ಕಡೆ ನೋಡುತ್ತ ನಿಂತರು. “ಇಂಡಿಯವರಿಗೆ ನಾ ಮಾತು ಕೊಟ್ಟೀನಲ್ಲ...”

“ಮಾತು ಕೊಟ್ಟೀರಿ. ಮಗಳನ್ನ ಇನ್ನೂ ಕೊಟ್ಟಿಲ್ಲ.”

ಅವರು ರುಮಾಲು ತೆಗೆದು, ಕೊಡವಿ, ಮತ್ತೆ ಸುತ್ತಿಕೊಂಡರು. ಅವರಿಗೆ ದವಾಖಾನೆಯಲ್ಲಿ ಕೈಮುಗಿದ ಆ ಬಾಣಂತಿಯ ಮುಖ ಕಣ್ಣೆದುರು ಬಂತೋ, ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಕೇಳಿದ ಮಗಳ ಅಳು ನೆನಪಾಯಿತೋ...

“ಯಾರ ಮಗ ನೀ?”

“ದಂಡೋತಿ ರೇವಣಪ್ಪನ ಮಗರಿ.”

“ಮೊದಲು ಮೈ ಸುಧಾರಿಸ್ಕೋ. ಆಮ್ಯಾಲ ನಿಮ್ಮಪ್ಪನ್ನ ಕರಕೊಂಡು ನಮ್ಮೂರಿಗೆ ಬಾ.” ಆಮೇಲೆ ಮಗಳ ಕಡೆ ತಿರುಗಿದರು. “ಮತ್ತ ನೀ... ನಾಳೆ ನಮ್ಮ ಜೋಡಿ ಬರಬ್ಯಾಡ. ಪರೀಕ್ಷಾ ಮುಗಸು. ನಡೀಯೇ ಚಂದಮ್ಮಾ, ಟಾಂಗಾದಾಗ ಕುಂದ್ರೂಣು.”

ಇಬ್ಬರೂ ದಂಡೆ ಹತ್ತಿ ಹೋದರು. ಚಂದಮ್ಮ ಮಾತ್ರ ಒಮ್ಮೆ ತಿರುಗಿ, ಶಿವರಾಯನ ಅಕ್ಕಪಕ್ಕ ಬೇರೆ ಯಾರೂ ನಿಂತಿಲ್ಲವೆಂದು ಖಾತ್ರಿ ಮಾಡಿಕೊಂಡಳು.

ಗುರುದೇವಿ ಮರಳಿನಿಂದ ಎದ್ದಳು. ಆದರೆ ಹತ್ತಿರ ಹೋಗಲು ಕಾಲು ಬರಲಿಲ್ಲ. ಎರಡು ಮಾರು ದೂರದಲ್ಲೇ ನಿಂತು ಅವನನ್ನು ನೋಡುತ್ತಿದ್ದಳು.

“ಇನ್ನೂ ಹೆದರಿಕಿ ಆಗ್ಲಿಕತ್ತದೇನು ನನ್ನ ನೋಡಿ?” ಎಂದ ಅವನು.

“ಹೂಂ...”

“ಸತ್ತಾವ ಬಂದಾನ ಅಂತ?”

“ಅದಕ್ಕಲ್ಲ,” ಎಂದಳು ಅವಳು.  “ಹತ್ತರ ಬಂದ್ರ ಕರಗಿ ಹೋಗ್ತೀರಿ ಅಂತ.”

ಶಿವರಾಯ ಎದೆಗೆ ಒತ್ತಿಕೊಂಡಿದ್ದ ಕೈಯನ್ನು ಮೆಲ್ಲಗೆ ಬಿಡಿಸಿ, ಎಷ್ಟು ಚಾಚಲು ಬರುತ್ತದೋ ಅಷ್ಟು ಚಾಚಿದ.

“ಹಂಗಾದ್ರ ಹಿಡಕೊಂಡು ನೋಡು.”

ಹಿಡಿದಳು. ಜ್ವರದ ಬಿಸಿ ಅವಳ ಅಂಗೈಗೆ ಇಳಿಯಿತು. ಎಷ್ಟು ಹೊತ್ತಾದರೂ ಆ ಕೈ ಕರಗಲಿಲ್ಲ.