ಮಾಸ್ಟರ್ ಹೊಸ್ತಿಲು ದಾಟಲಿಲ್ಲ

"ಇದು ಮೂವತ್ತಾರೋ, ಮೂವತ್ತೋ? ಇರುವೆ ಹರಿದ ಹಾಗಿದೆ!"

ಟೈಲರ್ ಅಂಗಡಿಗೆ ಬಟ್ಟೆಯ ಅಂಚು ಹೊಲಿಯುವ ಹೆಮ್ಮಿಂಗ್ ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಅಳತೆ ಚೀಟಿ ಹಿಡಿದು ಕಟಿಂಗ್ ಮಾಸ್ಟರ್ ಎದುರು ನಿಂತಿದ್ದಳು. ಅವನು ತಲೆಯೆತ್ತಿದ. ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕಣ್ಣು ಮಾತ್ರ ಅವಳ ಮೇಲೆ ನೆಟ್ಟಿತ್ತು.

"ಮೂವತ್ತಾರು," ಎಂದ ಮೆಲ್ಲಗೆ. "ಅರ್ಥ ಆಗ್ದಿದ್ರೆ ಕೇಳಿ, ಹೆಮ್ಮಿಂಗ್ ಮೇಡಂ."

ಅಬ್ಬಾ, ಏನು ಗತ್ತು! ಎಂದುಕೊಂಡಳು.

ಆದರೆ ಮನಸ್ಸು ಹೇಳಿದ ಮಾತು ಕೇಳುತ್ತದೆಯೇ? ಮೂವತ್ತೆಂಟು ವರ್ಷದ ಒಂಟಿ ಹೆಣ್ಣು. ಬಾಡಿಗೆ ಕೋಣೆಯಲ್ಲಿ ತೊಳೆದಿಡಲು ಒಂದೇ ತಟ್ಟೆ, ಒಂದೇ ಲೋಟ. ಅಂಥವಳಿಗೆ ಈಗ ಬೆಳಗಾದರೆ ಸಾಕು, ಅಂಗಡಿಗೆ ಓಡುವ ಆತುರ. ಅವಳು ಬರುವ ಮೊದಲೇ ಮಾಸ್ಟರ್ ಅವಳ ಕುರ್ಚಿಯನ್ನು ಬೆಳಕಿನ ಕಡೆ ತಿರುಗಿಸಿಟ್ಟಿರುತ್ತಿದ್ದ. ಎಂಟು ತಿಂಗಳು, ಒಂದು ದಿನವೂ ಮರೆಯದೆ.

ಆ ಶನಿವಾರ ಅವಳು ಧೈರ್ಯ ಮಾಡಿದಳು.

"ಬೇರೆ ಅಂಗಡಿಯವ್ರು ಕರೀತಿದಾರೆ ಮಾಸ್ಟರ್. ಸೋಮವಾರ ಬರ್ತೀನಿ ಅಂದಿದೀನಿ... ನೀವು ಇರು ಅಂದ್ರೆ ಇಲ್ಲೇ ಇರ್ತೀನಿ. ನಂಗೆ ನೀವಂದ್ರೆ ಇಷ್ಟ!"

ಅವನ ಮುಖ ಒಂದಿಷ್ಟೂ ಅಲುಗಲಿಲ್ಲ. ತುಟಿ ಏನೋ ಅಂದಿತು. ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

ಛೀ! ನಾನೇ ಬಾಯಿಬಿಟ್ಟು ಮರ್ಯಾದೆ ಕಳ್ಕೊಂಡೆನಲ್ಲ!

ಚೀಲ ಎತ್ತಿಕೊಂಡು ಹೊರಟಳು. ರಸ್ತೆ ದಾಟಿ ತಿರುಗಿ ನೋಡಿದಳು. ಬಾಗಿಲವರೆಗೆ ಬಂದವನು ಹೊಸ್ತಿಲಲ್ಲೇ ನಿಂತಿದ್ದ. ಒಂದು ಹೆಜ್ಜೆ... ಒಂದೇ ಒಂದು ಹೆಜ್ಜೆ ಮುಂದಿಡಲಿಲ್ಲ!

ಭಾನುವಾರವಿಡೀ ಅತ್ತಳು. ಯಾಕೆ ಅಳ್ತೀಯ ಎಂದು ಕೇಳಲೂ ಯಾರೂ ಇರಲಿಲ್ಲ.

ಸೋಮವಾರ ಬೆಳಗ್ಗೆ ವಿಳಾಸ ಹುಡುಕಿಕೊಂಡು ಬಂದವಳು ಮಾಸ್ಟರ್‌ನ ಅಕ್ಕ.

"ಅವನಿಗೆ ಪಾರ್ಕಿನ್ಸನ್ಸ್ ಕಾಯಿಲೆ ಕಣಮ್ಮ. ವಾಸನೆ ಗೊತ್ತಾಗೋದು ಮೊದಲೇ ಹೋಗಿತ್ತು. ಆಮೇಲೆ ಅಕ್ಷರ ಚಿಕ್ಕದಾಯ್ತು, ದನಿ ಇಳೀತು. ಒಳಗೆ ಎಷ್ಟೇ ಖುಷಿ ಇದ್ರೂ ಮುಖ ತೋರ್ಸಲ್ಲ. ಬಾಗಿಲ ಹತ್ರ ಬಂದ್ರೆ ಕಾಲು ನೆಲಕ್ಕೆ ಅಂಟ್ಕೊಂಡುಬಿಡತ್ತೆ. ಎದುರಿಗೆ ಒಂದು ಗೆರೆ ಕಂಡ್ರೆ ದಾಟ್ತಾನೆ."

"ನಂಗ್ಯಾಕೆ ಹೇಳ್ಲಿಲ್ಲ ಅಕ್ಕಾ?"

"ನೀನು ಅಯ್ಯೋ ಪಾಪ ಅಂತೀಯ ಅನ್ನೋ ಭಯ."

ಅವಳು ಚಪ್ಪಲಿ ಮೆಟ್ಟಿ ಓಡಿದಳು. ಹೊಸ ಅಂಗಡಿಗಲ್ಲ.

ಅವಳನ್ನು ದೂರದಿಂದ ಕಂಡು ಹೊರಬರಲು ಹೊರಟ ಮಾಸ್ಟರ್ ಮತ್ತೆ ಬಾಗಿಲಲ್ಲೇ ಸಿಕ್ಕಿಬಿದ್ದಿದ್ದ. ಎಡಗೈ ನಡುಗುತ್ತಿತ್ತು.

ಅವಳು ಚೀಲದಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದಳು. ಮೊಣಕಾಲೂರಿ ಅವನ ಪಾದದ ಮುಂದೆ ಅಡ್ಡಗೆರೆ ಎಳೆದಳು. ಒಂದು, ಇನ್ನೊಂದು, ಮತ್ತೊಂದು. ಎದ್ದು ಕೊನೆಯ ಗೆರೆಯ ಆಚೆ ನಿಂತಳು.

"ದಾಟಿ."

ಅವನು ಗೆರೆ ನೋಡಿದ. ಬಲಗಾಲು ಎದ್ದಿತು. ಒಂದು ಗೆರೆ ದಾಟಿದ, ಎರಡು ದಾಟಿದ, ಮೂರನೆಯದನ್ನು ದಾಟಿ ಅವಳ ಎದುರಿಗೇ ಬಂದು ನಿಂತ.

"ಶನಿವಾರ ಏನಂದ್ರಿ? ಜೋರಾಗಿ ಹೇಳಿ."

ಅವನು ಉಸಿರು ತುಂಬಿಕೊಂಡ.

"ಇರು ಅಂದೆ!"

ದಾರಿಹೋಕರು ತಿರುಗಿ ನೋಡಿದರು. ಅವಳ ಕಣ್ಣು ತುಂಬಿ ಬಂತು.

"ಈ ಕಾಯಿಲೆ ವಾಸಿಯಾಗಲ್ಲ," ಎಂದ ಅವನು. "ಇನ್ನೂ ಜಾಸ್ತಿ ಆಗತ್ತೆ, ಗೊತ್ತಾ?"

"ಗೊತ್ತು."

"ಈಗ ನಾನೆಷ್ಟು ಖುಷಿಯಾಗಿದೀನಿ ಅಂತ... ನಿಂಗೆ ಕಾಣಲ್ಲ."

"ಕಾಣ್ದಿದ್ರೆ ಕೇಳ್ತೀನಿ, ಅಷ್ಟೇ ತಾನೆ?" ಅವಳು ಅವನ ನಡುಗುವ ಕೈ ಹಿಡಿದುಕೊಂಡಳು. "ಖುಷಿಯಾಗಿದೀರಾ?"

"ತುಂಬಾ... ದಿನಾ ಕೇಳ್ತೀಯಾ?"

"ದಿನಾ."